ಎದುರು ಪಕ್ಷದವರ ಮನೆ ಬಾಗಿಲಲ್ಲಿ ಹತ್ತು ನಿಮಿಷ

1960ರಲ್ಲಿ ಅಮೆರಿಕದ ಜನರಿಗೆ ಒಂದು ಪ್ರಶ್ನೆ ಕೇಳಿದರು. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಜಾರಾಗುತ್ತದಾ? ಹೌದು ಎಂದವರು ನೂರಕ್ಕೆ ಐದು ಜನ. 2010ರಲ್ಲಿ ಹೆಚ್ಚೂಕಮ್ಮಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು ಜನ, ಡೆಮಾಕ್ರಟರಲ್ಲಿ ಮೂರರಲ್ಲಿ ಒಬ್ಬರು ಹೌದು ಎಂದರು. ಈ ಎರಡು ಸರ್ವೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಂತೊ ಅಯ್ಯಂಗಾರ್ ಮತ್ತು ಸಂಗಡಿಗರು.

ತೆರಿಗೆ ಎಷ್ಟಿರಬೇಕು, ಆಸ್ಪತ್ರೆ ಖರ್ಚು ಯಾರು ಕೊಡಬೇಕು ಅಂತ ಜಗಳ ಇರಲಿ, ಅದು ಬೇಕು ಕೂಡ. ಇಲ್ಲಿ ಬೆಳೆದದ್ದು ಬೇರೆ. ಆ ಪಕ್ಷಕ್ಕೆ ಓಟು ಹಾಕುವ ಮನುಷ್ಯರನ್ನೇ ಕಂಡರಾಗದು ಎಂಬ ಭಾವನೆ.

ಆ ಮನುಷ್ಯರು ಯಾರು ಅಂತಲಾದರೂ ಸರಿಯಾಗಿ ಗೊತ್ತಿದೆಯಾ? ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುವವರು ರಿಪಬ್ಲಿಕನ್ನರಲ್ಲಿ ಎಷ್ಟು ಜನ? ಉತ್ತರಗಳ ಸರಾಸರಿ ನೂರಕ್ಕೆ 38. ನಿಜಕ್ಕೂ ಇದ್ದವರು ನೂರಕ್ಕೆ ಇಬ್ಬರು. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇನ್ನೊಂದು ವಿಷಯ. ರಾಜಕೀಯವನ್ನು ತುಂಬಾ ಆಸಕ್ತಿಯಿಂದ ಹಿಂಬಾಲಿಸುವವರ ಊಹೆಯೇ ಇನ್ನೂ ಹೆಚ್ಚು ತಪ್ಪಾಗಿತ್ತು.

ಹಾಗಾದರೆ ಕಳೆದುಹೋದ ನಂಬಿಕೆ ಮತ್ತೆ ಬರುವುದು ಹೇಗೆ? ಇದಕ್ಕೆ ಸಿಕ್ಕ ಒಳ್ಳೆಯ ಉತ್ತರಗಳಲ್ಲೊಂದು ಪ್ರಯೋಗಾಲಯದಲ್ಲಿ ಹುಟ್ಟಲಿಲ್ಲ, ಸೋಲಿನಿಂದ ಹುಟ್ಟಿತು. 2008ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸಲಿಂಗಿಗಳ ಮದುವೆಯನ್ನು ನಿಷೇಧಿಸಿದರು. ಸೋತ ಕಡೆಯ ಕಾರ್ಯಕರ್ತರು ಲಾಸ್ ಏಂಜಲೀಸ್‌ನಲ್ಲಿ ತಮ್ಮ ವಿರುದ್ಧ ಓಟು ಹಾಕಿದವರ ಮನೆಗಳಿಗೇ ಹೋದರು. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದರು. ವಾದ ಮಾಡಲಿಲ್ಲ, ಸುಮ್ನೆ ಕೇಳಿಸಿಕೊಂಡರು. ಸಾವಿರಾರು ಮನೆ ಸುತ್ತಿ ಒಂದು ಕ್ರಮ ಕಂಡುಕೊಂಡರು.

ಅದು ಹೀಗೆ. ಬಾಗಿಲು ತೆರೆದವರಿಗೆ ಮೊದಲ ಪ್ರಶ್ನೆ: ಸಲಿಂಗಿಗಳ ಮದುವೆಗೆ ಅವಕಾಶ ಕೊಡುವ ಕಾನೂನಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ? ಅವರು ಮೂರು ಅಂದರೆ, ಯಾಕೆ ಮೂರು? ಏನೇ ಉತ್ತರ ಬರಲಿ, ಮುಖ ಸಿಂಡರಿಸುವಂತಿಲ್ಲ, ತಿದ್ದುವಂತಿಲ್ಲ. ಆಮೇಲೆ, ‘ನೀವು ಬೇರೆ ಥರ ಇದ್ದೀರಿ ಅಂತ ಯಾರಾದರೂ ನಿಮ್ಮನ್ನು ಕೀಳಾಗಿ ನೋಡಿದ್ದುಂಟಾ?’ ಇಲ್ಲಿ ಮಾತು ಕಾನೂನನ್ನು ಬಿಟ್ಟು ಆ ಮನೆಯವರ ಬದುಕಿಗೆ ಇಳಿಯುತ್ತದೆ. ಬಂದವರೂ ತಮ್ಮ ಕಥೆ ಹೇಳುತ್ತಾರೆ. ಕೊನೆಯಲ್ಲಿ ಮತ್ತೆ ಅದೇ ಪ್ರಶ್ನೆ, ಈಗ ಎಷ್ಟು ಅಂಕ?

ಇದರ ಬಗ್ಗೆ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಾಲಾ ಎಂಬ ಇಬ್ಬರು ಯುವ ಸಂಶೋಧಕರು ಅದನ್ನು ಮುಂದುವರಿಸಲು ಹೋದಾಗ ಅದರ ಅಂಕಿ-ಅಂಶಗಳು ಅನುಮಾನ ಹುಟ್ಟಿಸಿದವು. ಅದನ್ನು ಬಯಲಿಗೆಳೆದರು. 2015ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ಅವರಿಬ್ಬರೂ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಮಯಾಮಿಯಲ್ಲಿ 501 ಮತದಾರರ ಜೊತೆ ಪ್ರಯೋಗವನ್ನು ಪ್ರಾಮಾಣಿಕವಾಗಿ ನಡೆಸಿದರು. ವಿಷಯ, ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹ. ಸುಮಾರು ಹತ್ತು ನಿಮಿಷದ ಮಾತುಕತೆ. ಮೂರು ತಿಂಗಳ ನಂತರವೂ ಬದಲಾವಣೆ ಉಳಿದಿತ್ತು. 2016ರಲ್ಲಿ ಇದು ಅದೇ ‘ಸೈನ್ಸ್’ನಲ್ಲಿ ಪ್ರಕಟವಾಯಿತು. ವಿಜ್ಞಾನದ ಮೇಲೆ ನಂಬಿಕೆ ಉಳಿಯುವುದೂ ಇಂಥ ಕೆಲಸದಿಂದಲೇ ಅಲ್ವಾ?

ಕೆಲಸ ಮಾಡಿದ್ದು ಯಾವುದು, ವಾದವೋ ಕಥೆಯೋ? ಇವರದೇ 2020ರ ಅಧ್ಯಯನ ಇದನ್ನು ಬಿಡಿಸಿ ನೋಡಿತು. ಈ ಸಲ ವಲಸಿಗರ ಪ್ರಶ್ನೆಯೂ ಇತ್ತು. ಕೆಲವು ಮನೆಗಳಲ್ಲಿ ಬರೀ ವಾದ, ಉಳಿದ ಕಡೆ ಅದೇ ವಾದದ ಜೊತೆ ಕಥೆಗಳ ವಿನಿಮಯ. ಬರೀ ವಾದದಿಂದ ಏನೂ ಬದಲಾಗಲಿಲ್ಲ. ಕಥೆ ಸೇರಿದ ಕಡೆ ಬದಲಾವಣೆ ನಾಲ್ಕು ತಿಂಗಳಾದರೂ ಉಳಿಯಿತು. ಪರಿಣಾಮ ದೊಡ್ಡದೇನಲ್ಲ, ತುಂಬಾ ಬಾಗಿಲು ತಟ್ಟಿದರೆ ಕೆಲವು ಮನಸ್ಸು ಬದಲಾಗುತ್ತವೆ. ಆದರೆ ಇದನ್ನು ಅಲ್ಪ ಎನ್ನಲು ನನಗೆ ಮನಸ್ಸಿಲ್ಲ. ಹತ್ತು ನಿಮಿಷ ಗೌರವದಿಂದ ಕೇಳಿಸಿಕೊಂಡದ್ದು ತಿಂಗಳುಗಟ್ಟಲೆ ಉಳಿಯುತ್ತದೆ ಎಂದರೆ, ಜನ ಅದಕ್ಕೆ ಎಷ್ಟು ಹಸಿದಿದ್ದಾರೆ ಯೋಚಿಸಿ.

ಒಂದು ತೊಡಕಿದೆ. ಸ್ಟ್ಯಾನ್‌ಫರ್ಡ್‌ನ ತಂಡವೊಂದು ದ್ವೇಷ ಕಡಿಮೆ ಮಾಡುವ 25 ಉಪಾಯಗಳನ್ನು 32,059 ಅಮೆರಿಕನ್ನರ ಮೇಲೆ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. 23 ಉಪಾಯಗಳು ಪಕ್ಷದ್ವೇಷವನ್ನು ಇಳಿಸಿದವು. ಆದರೆ ದ್ವೇಷ ಇಳಿದ ಮಾತ್ರಕ್ಕೆ, ನಮ್ಮವರು ಗೆಲ್ಲಲು ನಿಯಮ ಮುರಿದರೂ ಪರವಾಗಿಲ್ಲ ಎಂಬ ಮನೋಭಾವ ಇಳಿಯಲಿಲ್ಲ. ಅದಕ್ಕೆ ಬೇರೆಯೇ ಮದ್ದು ಬೇಕು. ಯಾಕೆಂದರೆ ಅದರ ಬೇರು ಭಯದಲ್ಲಿದೆ. ಅವರು ಹೇಗೂ ನಿಯಮ ಮುರಿಯುತ್ತಾರೆ, ನಾವು ಸುಮ್ಮನಿದ್ದರೆ ಕೆಟ್ಟೆವು ಎಂಬ ಭಯ. 2023ರ ಒಂದು ಅಧ್ಯಯನದಲ್ಲಿ ಎರಡೂ ಪಕ್ಷದವರು ಎದುರಿನವರ ಬಗ್ಗೆ ಹೀಗೇ ಅತಿಯಾಗಿ ಊಹಿಸಿದ್ದು ಕಂಡಿತು. ಎದುರಿನವರೂ ನಿಯಮಗಳನ್ನು ಗೌರವಿಸುತ್ತಾರೆ ಎಂಬ ನಿಜ ಸಂಗತಿ ತಿಳಿಸಿದಾಗ, ಕೇಳಿದವರೇ ನಿಯಮದ ಕಡೆ ವಾಲಿದರು.

ಈ ಭಯವನ್ನು ಬಿತ್ತುವವರು ಹೆಚ್ಚಾಗಿ ನಾಯಕರು. ಕೀಳುವ ಕೆಲಸವೂ ಅವರಿಂದಲೇ ಬೇಗ ಆಗುತ್ತದೆ. 2020ರಲ್ಲಿ ಯೂಟಾ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಚುನಾವಣೆಗೆ ನಿಂತಿದ್ದ ರಿಪಬ್ಲಿಕನ್ ಸ್ಪೆನ್ಸರ್ ಕಾಕ್ಸ್ ಮತ್ತು ಡೆಮಾಕ್ರಟ್ ಕ್ರಿಸ್ ಪೀಟರ್ಸನ್ ಅಕ್ಕಪಕ್ಕ ನಿಂತು ಒಂದು ಜಾಹೀರಾತು ಮಾಡಿದರು. ನಮ್ಮಿಬ್ಬರ ವಿಚಾರ ಬೇರೆ, ಆದರೆ ಅಧ್ಯಕ್ಷ ಚುನಾವಣೆಯಲ್ಲಿ ಯಾರೇ ಗೆದ್ದರೂ ಫಲಿತಾಂಶ ಒಪ್ಪುತ್ತೇವೆ ಎಂದರು. ಸ್ಟ್ಯಾನ್‌ಫರ್ಡ್ ಪರೀಕ್ಷಿಸಿದ 25ರಲ್ಲಿ ಈ ಜಾಹೀರಾತೂ ಇತ್ತು. ಗವರ್ನರ್ ಆದ ಕಾಕ್ಸ್ 2023ರಲ್ಲಿ ರಾಷ್ಟ್ರೀಯ ಗವರ್ನರ್‌ಗಳ ಸಂಘದ ಅಧ್ಯಕ್ಷರಾದಾಗ, ಎರಡೂ ಪಕ್ಷಗಳ ಗವರ್ನರ್‌ಗಳನ್ನು ಜೋಡಿಯಾಗಿ ಕ್ಯಾಮೆರಾ ಮುಂದೆ ಕೂರಿಸಿ ಇಂಥವೇ ವಿಡಿಯೋ ಮಾಡಿಸಿದರು.