ಹುಯಿಲಿಗೂ ಕಣ್ಣೀರು ಹುಯ್ಯುವುದಕ್ಕೂ ನಂಟಿಲ್ಲ ಸ್ವಾಮಿ

"ಹುಯಿಲು ಅಂದ್ರೆ ಜೋರಾಗಿ ಅಳೋದು ತಾನೇ? ಆ ಮಾತು ಎಲ್ಲಿಂದ ಬಂತು?"

ಮಂಡ್ಯದ ಓದುಗರೊಬ್ಬರ ಪ್ರಶ್ನೆ. ಇದಕ್ಕೆ ಉತ್ತರ ಬರೆಯುತ್ತಿರುವುದು ನನಗೆ ಮೊದಲ ಸಲವೇನಲ್ಲ. ಹಳಗನ್ನಡದ 'ಪುಯ್ಯಲ್' ಆಮೇಲೆ 'ಹುಯ್ಯಲ್' ಆಯಿತು, ಈಗ ಹುಯಿಲು. ಪಾಲು ಹಾಲಾದ, ಪುಲಿ ಹುಲಿಯಾದ ದಾರಿಯೇ ಇದು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಪ್ರತಿ ಸಲವೂ ಒಬ್ಬರು ಎದ್ದು ಹೇಳುತ್ತಾರೆ: "ಅದ್ರಲ್ಲೇನಿದೆ ಸಾರ್, ಕಣ್ಣೀರು ಹುಯ್ಯೋದ್ರಿಂದ ಹುಯಿಲು!" ನಮ್ಮ ಕಡೆಯವರಿಗೆ ಹಾಗನ್ನಿಸುವುದು ಸಹಜವೇ. ಇಲ್ಲಿ ಮಳೆಯೂ ಹುಯ್ಯುತ್ತದೆ, ದೋಸೆಯನ್ನೂ ಹುಯ್ಯುತ್ತೇವೆ. ಆದರೆ ಈ ಹುಯ್ ಬರೀ ಆಡುಮಾತಿನ ರೂಪ. ಬರಹದಲ್ಲಿ ಅದು ಹೊಯ್, ಹಳಗನ್ನಡದಲ್ಲಿ ಪೊಯ್. ಸುರಿ, ಹೊಡೆ, ಎರಡೂ ಅರ್ಥವಿದೆ. ಹೊಯ್ಸಳರ ಹುಲಿ ಕಥೆಯಲ್ಲಿ "ಪೊಯ್ ಸಳ", ಅಂದರೆ ಹೊಡೆ ಸಳ, ಅಂದರಲ್ಲ, ಅದೇ. ಗುರುಗಳು ಸಳನಿಗೆ ನೀರು ಹುಯ್ಯಿ ಅನ್ನಲಿಲ್ಲ! ಪುಯ್ಯಲ್‌ನಲ್ಲಿರುವುದು ಉಕಾರ, ಪೊಯ್‌ನಲ್ಲಿರುವುದು ಒಕಾರ. ನಮ್ಮ ನಾಲಿಗೆಯ ಮೇಲೆ ಎರಡೂ ಒಂದೇ ಥರ ಕೇಳಿಸುತ್ತವೆ, ಅಷ್ಟೇ.

ಅರ್ಥವನ್ನೂ ನೋಡಿ. ಹುಯಿಲಿಗೆ ಕಣ್ಣೀರು ಬೇಕೇ ಬೇಕು ಅಂತಿಲ್ಲ, ಗಂಟಲು ಬೇಕು. ಹಿಂದೆ ಶತ್ರುಗಳು ಊರ ದನ ಹೊಡೆದುಕೊಂಡು ಹೋದಾಗ ದನ ಕಾಯುವವರು ಓಡಿ ಬಂದು ಕೂಗುತ್ತಿದ್ದರಲ್ಲ, ಅದೂ ಪುಯ್ಯಲೇ. ಹಾಗೆ ದನ ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ನಮ್ಮ ಊರುಗಳಲ್ಲಿ ಇನ್ನೂ ನಿಂತಿವೆ. ಸಾವಿನ ಮನೆಯ ಹುಯಿಲು, ಕಬ್ಬಿನ ಗದ್ದೆಗೆ ಚಿರತೆ ಬಂತೆಂಬ ಹುಯಿಲು, ಎಲೆಕ್ಷನ್ ಹುಯಿಲು, ಎಲ್ಲಾ ಒಂದೇ ಮಾತು. ಎಲೆಕ್ಷನ್ನಿನಲ್ಲಿ ಯಾರು ಅಳುತ್ತಾರೆ ಹೇಳಿ? ರಿಸಲ್ಟ್ ಬಂದ ಮೇಲೆ ಬೇಕಾದರೆ.

ಹಾಗಾದರೆ 'ಗೋಳು ಹುಯ್ಕೊಳ್ಳೋದು'? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಗೋಳೂ ಜೋರು ಅಳುವೇ. ಪಕ್ಕದ ತೆಲುಗಿನಲ್ಲಿ ಗೋಲ ಅಂದರೆ ಗಲಾಟೆ. ಭೂಗೋಳದ ಗೋಳವನ್ನು ಮಾತ್ರ ಸುಮ್ನೆ ಇದಕ್ಕೆ ಅಂಟಿಸಬೇಡಿ, ಅದು ಸಂಸ್ಕೃತದ್ದು. ತಮಾಷೆಯೆಂದರೆ, ಇಲ್ಲಿರುವ ಹುಯ್ ನಿಜವಾಗಿಯೂ ಹೊಯ್ಯೇ. ನಿಘಂಟು ತೆಗೆದರೆ 'ಗೋಳುಹೊಯ್ಯು' ಅಂತ ಹುಡುಕಬೇಕು. ಆದರೆ ಇಲ್ಲಿ ಹುಯ್ಕೊಳ್ಳುವವನು ಅಳುವುದಿಲ್ಲ. ಅವನು ನಗುತ್ತಿರುತ್ತಾನೆ, ಅಳುವುದು ಅವನ ಕೈಗೆ ಸಿಕ್ಕ ತಂಗಿ.