‘ದಿ ಕಲರ್ ಪರ್ಪಲ್’: ಕಾಗದ ಯಾರಿಗೆ ಎಂದು ನೋಡುತ್ತಾ ಓದುವುದು

ಆಲಿಸ್ ವಾಕರ್ ಅವರ ಈ ಕಾದಂಬರಿಯನ್ನು (1982) ಎರಡನೇ ಸಲ ಮುಗಿಸಿದ ರಾತ್ರಿಯೇ ಇದನ್ನು ಬರೆದಿಡುತ್ತಿದ್ದೇನೆ. ಮೊದಲ ಓದಿನಲ್ಲಿ ಎಡವಿದ ಜಾಗ ನಾಳೆಗೆ ಮರೆತುಹೋಗಬಾರದು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಜಾರ್ಜಿಯಾದ ಹಳ್ಳಿ. ಹದಿನಾಲ್ಕರ ಕಪ್ಪು ಹುಡುಗಿ ಸೀಲಿಯ ಮೇಲೆ, ಅವಳು ಅಪ್ಪ ಎಂದೇ ನಂಬಿದವನು ಅತ್ಯಾಚಾರ ಮಾಡುತ್ತಾನೆ. ಹುಟ್ಟಿದ ಎರಡು ಮಕ್ಕಳು ಕೈತಪ್ಪಿ ಹೋಗುತ್ತವೆ. ಆಮೇಲೆ ಮಕ್ಕಳಿರುವ ವಿಧುರನೊಬ್ಬನಿಗೆ ಅವಳನ್ನು ಕಟ್ಟುತ್ತಾರೆ. ಕಾದಂಬರಿ ಪೂರ್ತಿ ಕಾಗದಗಳೇ, ಮೊದಲಿನವೆಲ್ಲ ದೇವರಿಗೆ.

ಇದನ್ನು ನಾನು ಭಕ್ತಿ ಎಂದುಕೊಂಡಿದ್ದೆ. ಮೊದಲ ಕಾಗದದ ಮೇಲೆ ಒಂದು ಬೆದರಿಕೆ ಇದೆ: ದೇವರಿಗಲ್ಲದೆ ಬೇರೆ ಯಾರಿಗೂ ಹೇಳಬೇಡ, ಹೇಳಿದರೆ ನಿನ್ನಮ್ಮ ಸಾಯುತ್ತಾಳೆ. ಬಾಯಿ ಮುಚ್ಚಿಸಿದವನೇ ಬಿಟ್ಟುಕೊಟ್ಟ ಒಂದೇ ಒಂದು ವಿಳಾಸ ಅದು. ಅದೇ ಕಾಗದದಲ್ಲಿ ಅವಳು ‘ನಾನು ಒಳ್ಳೆಯವಳು’ ಎನ್ನಲು ಹೊರಟು, ಬರೆದದ್ದನ್ನು ಅಲ್ಲೇ ಹೊಡೆದುಹಾಕಿ, ‘ಯಾವಾಗಲೂ ಒಳ್ಳೆಯವಳಾಗಿಯೇ ಇದ್ದೆ’ ಎಂದು ತಿದ್ದುತ್ತಾಳೆ. ಆ ಅಡ್ಡಗೆರೆ ಅಚ್ಚಿನಲ್ಲೇ ಕಾಣುತ್ತದೆ. ದಾಟಿಕೊಂಡು ಹೋಗಬೇಡಿ.

ಈಗ ನಾನು ನಿಜವಾಗಿ ಎಡವಿದ್ದು. ಸೀಲಿ ಗಂಡನನ್ನು ‘ಮಿಸ್ಟರ್’ ಎಂದು ಬರೆದು ಮುಂದೆ ಖಾಲಿ ಗೆರೆ ಎಳೆಯುತ್ತಾಳೆ. ಹೆಸರಿಲ್ಲ. ನಮ್ಮ ಅಜ್ಜಿ ತಾತನ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಪಡಿತರ ಚೀಟಿ ಬರೆಸುವಾಗ ಯಜಮಾನರ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದರು, ನಾನು ಹೇಳುತ್ತಿದ್ದೆ. ಹಾಗಾಗಿ ಆ ಗೆರೆಯನ್ನೂ ಗಂಡನಿಗೆ ಕೊಡುವ ಮರ್ಯಾದೆ ಎಂದು ಓದಿದೆ. ತಪ್ಪು. ಅಜ್ಜಿಗೆ ಹೆಸರು ಗೊತ್ತಿತ್ತು, ಸಂಕೋಚವಿತ್ತು, ಒಗಟಿನಲ್ಲಿ ಹೆಸರು ಹೇಳಿಸಿ ನಗುವ ಆಟವೂ ಇತ್ತು. ಸೀಲಿಯ ಗೆರೆಯಲ್ಲಿ ಇರುವುದು ಭಯ. ಕಾಯಿಲೆ ಬಿದ್ದು ಮನೆಗೆ ಬಂದ ಗಾಯಕಿ ಶುಗ್ ಏವರಿ ಅವನನ್ನು ‘ಆಲ್ಬರ್ಟ್’ ಎಂದು ಕರೆದಾಗ, ಆಲ್ಬರ್ಟ್ ಎಂದರೆ ಯಾರು ಎಂದು ಸೀಲಿಯೇ ತಬ್ಬಿಬ್ಬಾಗುತ್ತಾಳೆ. ಆಮೇಲೆ ನೆನಪಾಗುತ್ತದೆ, ಅದು ತನ್ನ ಗಂಡನ ಹೆಸರು! ಈ ಸಾಲಿನ ಪಕ್ಕ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಕೊನೆಯ ಭಾಗದಲ್ಲಿ ಅವನು ಬದಲಾಗಿ, ಜಗಲಿಯಲ್ಲಿ ಅವಳ ಪಕ್ಕ ಕುಳಿತು ಬಟ್ಟೆ ಹೊಲಿಯುತ್ತಾನೆ. ಆಗ ಸೀಲಿಯೂ ಆಲ್ಬರ್ಟ್ ಎಂದು ಬರೆಯುತ್ತಾಳೆ. ಗೆರೆ ಇದ್ದ ಕಡೆ ಮನುಷ್ಯ ಬಂದಿದ್ದಾನೆ. ಭರವಸೆ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಗೆರೆಯನ್ನೇ.

ನೆಟ್ಟಿಯ ಕಾಗದಗಳ ಬಗ್ಗೆ ಒಂದು ಎಚ್ಚರಿಕೆ. ಸೀಲಿಯ ಮಕ್ಕಳನ್ನು ಸಾಕುತ್ತಿದ್ದ ಪಾದ್ರಿ ದಂಪತಿಯ ಜೊತೆ ಆಫ್ರಿಕಾಕ್ಕೆ ಹೋದ ಈ ತಂಗಿ ವರ್ಷಗಟ್ಟಲೆ ಬರೆದದ್ದನ್ನು ಆಲ್ಬರ್ಟ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿರುತ್ತಾನೆ. ಅವು ನಮ್ಮ ಕೈಗೆ ಬರುವುದು ಸೀಲಿಯ ಕೈಗೆ ಬಂದಾಗ. ಅಂದರೆ ಓದುತ್ತಿರುವುದು ಹಳೆಯ ಸುದ್ದಿ.

ಆ ಸುದ್ದಿಯಲ್ಲೇ ಸಿಡಿಲಿದೆ: ಅಪ್ಪ ಅಪ್ಪನಲ್ಲ, ಹೆತ್ತ ತಂದೆಯನ್ನು ಬಿಳಿಯರು ಗುಂಪುಕಟ್ಟಿ ಕೊಂದಿದ್ದರು. ಸೀಲಿ ದೇವರಿಗೆ ‘ನೀನು ನಿದ್ದೆ ಮಾಡುತ್ತಿರಬೇಕು’ ಎಂದು ಬರೆಯುತ್ತಾಳೆ. ಆಮೇಲಿನ ಅವಳ ಕಾಗದಗಳು ನೆಟ್ಟಿಗೆ. ನಾನು ಬರೆಯುತ್ತಿದ್ದ ದೇವರೂ ಗಂಡಸೇ, ಮಿಕ್ಕ ಗಂಡಸರ ಹಾಗೆಯೇ ಎನ್ನುತ್ತಾಳೆ. ಇದಕ್ಕೆ ಶುಗ್ ಕೊಡುವ ಉತ್ತರದಲ್ಲಿ ಶೀರ್ಷಿಕೆ ಅಡಗಿದೆ: ಹೊಲದಲ್ಲಿ ನೇರಳೆ ಬಣ್ಣ ಕಂಡೂ ಗಮನಿಸದೆ ನಡೆದುಬಿಟ್ಟರೆ ದೇವರಿಗೆ ಸಿಟ್ಟು ಬರುತ್ತದೆ.

ಮೆಂಫಿಸ್‌ಗೆ ಹೋಗಿ ಪ್ಯಾಂಟು ಹೊಲಿಯುವ ಕಸುಬು ಹಿಡಿದ ಮೇಲೆ ಬರೆಯುವ ಕಾಗದದ ಅಡಿಯಲ್ಲಿ ಸೀಲಿಯ ರುಜು ಇದೆ, ಅಂಗಡಿಯ ಹೆಸರಿದೆ, ಊರಿದೆ. ದೇವರಿಗೆ ಬರೆದವುಗಳಲ್ಲಿ ರುಜು ಹುಡುಕಿ, ಸಿಗುವುದಿಲ್ಲ.

ಆಲ್ಬರ್ಟ್‌ನ ಸೊಸೆ ಸೋಫಿಯಾ ಪಾತ್ರಕ್ಕೆ ಬೇರೆಯೇ ಟಿಪ್ಪಣಿ ಬೇಕು. ಮೇಯರ್ ಮನೆಯ ಚಾಕರಿ ಒಲ್ಲೆ ಎಂದವಳು ಜೈಲು ಕಂಡು, ಕೊನೆಗೆ ಅದೇ ಮನೆಯಲ್ಲಿ ದುಡಿಯುವುದನ್ನು ಓದುವಾಗ ನನ್ನ ಕೈ ನಡುಗಿತು.

ಕೊನೆಯ ಕಾಗದ ಮತ್ತೆ ದೇವರಿಗೆ, ಜೊತೆಗೆ ನಕ್ಷತ್ರಗಳಿಗೆ, ಮರಗಳಿಗೆ, ಆಕಾಶಕ್ಕೆ, ಜನರಿಗೆ. ನೆಟ್ಟಿಯ ಹೆಸರು ಆ ಸಾಲಿನಲ್ಲಿ ಯಾಕಿಲ್ಲ ಎಂದು ಹಿಂದಿರುಗಿ ನೋಡಿದೆ. ಅವಳಿಗೆ ಇನ್ನು ಕಾಗದ ಬೇಕಿಲ್ಲ. ಸೀಲಿಯ ಮಕ್ಕಳನ್ನು ಕರೆದುಕೊಂಡು ಮನೆಗೇ ಬಂದಿದ್ದಾಳೆ.