ಅನೊರೆಕ್ಸಿಯಾ: ಡಯೆಟ್ಟಿನ ಅತಿರೇಕವಲ್ಲ

ತೆಳ್ಳಗಿರುವ ಹುಡುಗಿಯನ್ನು ಕಂಡೊಡನೆ ‘ಅನೊರೆಕ್ಸಿಕ್’, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಎಂಬ ಮನೋರೋಗದವಳು, ಎನ್ನುವುದು ಈಚೆಗೆ ಸಲೀಸಾಗಿಬಿಟ್ಟಿದೆ. ಅದನ್ನಾದರೂ ಕೇಳಿಸಿಕೊಂಡು ಸುಮ್ಮನಿರಬಹುದು. ಆರೋಗ್ಯ ಪುರವಣಿಯ ಬರಹಗಳೇ ಈ ಕಾಯಿಲೆಯನ್ನು ‘ಮಿತಿಮೀರಿದ ಡಯೆಟ್’ ಎಂದು ವಿವರಿಸತೊಡಗಿದರೆ ಸುಮ್ಮನಿರುವುದು ಕಷ್ಟ.

ತೊಡಕು ಹೆಸರಿನಲ್ಲಿಯೇ ಇದೆ. ಗ್ರೀಕಿನಲ್ಲಿ ‘ಒರೆಕ್ಸಿಸ್’ ಎಂದರೆ ಬಯಕೆ, ಹಸಿವು. ಅದರ ಹಿಂದಿರುವ ‘ಅನ್’ ನಮ್ಮ ‘ಅನಾಸಕ್ತಿ’ಯಲ್ಲಿರುವಂಥದ್ದೇ. ಜ್ವರ, ಕ್ಷಯ, ಕಾಮಾಲೆಗಳಲ್ಲಿ ಊಟ ಸೇರದಿರುವುದನ್ನು ವೈದ್ಯರು ಇಂದಿಗೂ ಬರಿಯ ‘ಅನೊರೆಕ್ಸಿಯಾ’ ಎಂದೇ ಬರೆಯುತ್ತಾರೆ. ಅದು ಲಕ್ಷಣ ಮಾತ್ರ, ಅದಕ್ಕೆ ‘ಅರುಚಿ’ ಎಂದರೆ ಸಾಕು. ‘ಅನೊರೆಕ್ಸಿಯಾ ನರ್ವೋಸಾ’ ಬೇರೆ. 1870ರ ದಶಕದಲ್ಲಿ ಈ ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಮನಸ್ಸಿನ ಕಾರಣದಿಂದ ಹಸಿವು ಇಲ್ಲವಾಗಿದೆ ಎಂದು ಬಗೆದಿದ್ದರು. ಮನಸ್ಸಿನ ಮಾತು ನಿಜವಾಯಿತು, ಹಸಿವಿನದು ಬಹುಮಟ್ಟಿಗೆ ತಪ್ಪಾಯಿತು. ಆದರೆ ಹೆಸರು ಉಳಿದುಕೊಂಡಿತು. ಜರ್ಮನ್ನರು ‘ಮಾಗರ್‌ಜುಖ್ಟ್’, ಅಂದರೆ ಕೃಶತೆಯ ಗೀಳು, ಎನ್ನುವುದೇ ಹೆಚ್ಚು ಸರಿ.

ಏಕೆಂದರೆ ಇಲ್ಲಿ ಹಸಿವು ಸತ್ತಿರುವುದಿಲ್ಲ, ಅದನ್ನು ಅದುಮಿಡಲಾಗಿರುತ್ತದೆ. ಮನೆಮಂದಿಗೆಲ್ಲ ತಾನೇ ಅಡುಗೆ ಮಾಡಿ ಬಡಿಸಿ, ತಾನು ಮಾತ್ರ ಒಂದು ಚಪಾತಿಯನ್ನು ಬೆರಳುಗುರಿನಷ್ಟು ಚೂರುಗಳಾಗಿ ಹರಿದು ತಟ್ಟೆಯ ಅಂಚಿಗೆ ಸರಿಸುತ್ತ ಕೂರುವವಳ ತಲೆಯ ತುಂಬ ಇರುವುದು ಊಟವೇ. ಅಮೆರಿಕದ ಮಿನೆಸೋಟಾದಲ್ಲಿ 1944–45ರಲ್ಲಿ 36 ಮಂದಿ ಆರೋಗ್ಯವಂತ ಗಂಡಸರನ್ನು ಅರೆಹೊಟ್ಟೆಯಲ್ಲಿರಿಸಿ ನಡೆಸಿದ ಪ್ರಯೋಗದಲ್ಲಿ ಅವರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದ್ದರು. ಉಪವಾಸವೇ ಮನಸ್ಸನ್ನು ಆಹಾರಕ್ಕೆ ಕಟ್ಟಿಹಾಕುತ್ತದೆ, ಕಾಯಿಲೆ ಆ ಕಟ್ಟನ್ನು ಇನ್ನಷ್ಟು ಬಿಗಿಯುತ್ತದೆ.

ಡಯೆಟ್ ಮಾಡುವವರು ಗುರಿ ಮುಟ್ಟಿದರೆ, ಅಥವಾ ಹಬ್ಬ ಬಂದರೆ, ನಿಲ್ಲಿಸುತ್ತಾರೆ. ಈ ಕಾಯಿಲೆಯಲ್ಲಿ ಗುರಿಯೇ ಹಿಂದೆ ಹಿಂದೆ ಸರಿಯುತ್ತದೆ, ಕನ್ನಡಿಯಲ್ಲಿ ಕಾಣುವ ದೇಹವೂ ಇರುವಂತೆ ಕಾಣುವುದಿಲ್ಲ. ಮನೋರೋಗಗಳ ಪೈಕಿ ಅತಿ ಹೆಚ್ಚು ಜೀವಹಾನಿಯಾಗುವವುಗಳಲ್ಲಿ ಇದೂ ಒಂದೆಂಬುದನ್ನು ತಿಳಿದ ಮೇಲೂ ಇದನ್ನು ಹಟ, ಶೋಕಿ ಎನ್ನುವವರಿಗೆ ಏನು ಹೇಳುವುದು? ಇನ್ನು ಊಟಕ್ಕೆ ಸಂಬಂಧಿಸಿದ ಮನೋರೋಗಗಳಿಗೆಲ್ಲ ತೆಳ್ಳಗಿರುವುದೇ ಗುರುತೆಂಬುದೂ ಸುಳ್ಳು: 1979ರಲ್ಲಿ ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ವಿವರಿಸಿದ, ಒಮ್ಮೆಲೇ ವಿಪರೀತ ತಿಂದು ಆಮೇಲೆ ವಾಂತಿ ಮುಂತಾದ ದಾರಿಗಳಿಂದ ತೂಕ ಏರದಂತೆ ನೋಡಿಕೊಳ್ಳುವ ಬುಲಿಮಿಯಾ ನರ್ವೋಸಾದಲ್ಲಿ ತೂಕ ಸಾಮಾನ್ಯವಾಗಿಯೇ ಇರಬಹುದು, ಮತ್ತು ಈ ಕಾಯಿಲೆಗಳು ಗಂಡಸರಿಗೂ ಬರುತ್ತವೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ದಪ್ಪಗಾಗುವ ಭಯವನ್ನು ಬಾಯಿಬಿಟ್ಟು ಹೇಳದೆ, ಹೊಟ್ಟೆ ಉಬ್ಬರ, ಗ್ಯಾಸ್ಟ್ರಿಕ್, ಊಟ ಇಳಿಯುವುದಿಲ್ಲ ಎಂಬ ದೂರುಗಳೊಂದಿಗೆ ಬರುವ ರೋಗಿಗಳು ಇಲ್ಲಿದ್ದಾರೆ. ಎಂಡೋಸ್ಕೋಪಿ ಸರಿಯಿದೆ ಎಂದು ವರದಿ ಬಂದಾಗ ಮನೆಯವರು ಒತ್ತಾಯದಿಂದ ತಿನ್ನಿಸಲು ತೊಡಗುತ್ತಾರೆ. ತೀರ ಬಳಲಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವಾಗಬಹುದು; ಆದ್ದರಿಂದ ಅಂಥವರ ಊಟವನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಏರಿಸುತ್ತ, ಜೊತೆಜೊತೆಗೇ ಮನೋಚಿಕಿತ್ಸೆಯನ್ನೂ ನಡೆಸಬೇಕಾಗುತ್ತದೆ.